ಸಸಿಗಳನ್ನು ಬಾಲ್ಕನಿಗೆ ಯಾವಾಗ ಇಡಬೇಕು? ಪುಣೆಯವರು ಹೇಳಿ

ವಾಕಡ್ ಬಾಲ್ಕನಿ (ಫೆಬ್ರವರಿ 8)

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು, ವಾಕಡ್‌ಗೆ ಬಂದು ಆರು ವರ್ಷ ಆಯಿತು. ಮನೆ 9ನೇ ಮಹಡಿ, ಬಾಲ್ಕನಿ ಪಡುವಣಕ್ಕೆ ಮುಖ. ಸಂಕ್ರಾಂತಿ ದಿನ ಟೊಮೆಟೊ, ಮೆಣಸಿನಕಾಯಿ, ಬದನೆ ಬೀಜಗಳನ್ನು ಕಾಗದದ ಲೋಟಗಳಲ್ಲಿ ಹಾಕಿದೆ. ಅಡುಗೆಮನೆ ಕಿಟಕಿಯ ಒಳಗೆ ಇಟ್ಟಿದ್ದೇನೆ. ಇವತ್ತಿಗೆ 25 ದಿನ. ಟೊಮೆಟೊ ಒಂದು ಗೇಣು ಆಗಿದೆ, ಆದರೆ ಕಾಂಡ ದಾರದ ಹಾಗೆ ಸಣ್ಣ, ಕಿಟಕಿ ಕಡೆಗೇ ಬಾಗಿದೆ. ಬದನೆಗೆ ನಾಲ್ಕು ಎಲೆ. ಮೆಣಸಿನಕಾಯಿ ಇನ್ನೂ ಪುಟ್ಟದು.

ಇವನ್ನು ಯಾವಾಗ ಹೊರಗೆ ಇಡಬೇಕು? ವಿಡಿಯೋಗಳಲ್ಲಿ "ಕೊನೆಯ ಹಿಮ ಬಿದ್ದ ಮೇಲೆ" ಅನ್ನುತ್ತಾರೆ. ನಮಗೆ ಹಿಮ ಎಲ್ಲಿಂದ ಬರಬೇಕು? ಹೋದ ವರ್ಷ ಚಳಿ ಪೂರ್ತಿ ಹೋಗಲಿ ಅಂತ ಮಾರ್ಚ್ ಎರಡನೇ ವಾರದವರೆಗೆ ಒಳಗೇ ಇಟ್ಟಿದ್ದೆ. ಒಂದು ಭಾನುವಾರ ಹನ್ನೆರಡು ಸಸಿಗಳನ್ನೂ ಒಟ್ಟಿಗೆ ಹೊರಗೆ ಇಟ್ಟೆ. ಸೋಮವಾರ ಎಲೆಗಳ ಮೇಲೆ ಬಿಳಿ ಮಚ್ಚೆ. ಬುಧವಾರಕ್ಕೆ ಎಲೆಗಳೆಲ್ಲ ಹಪ್ಪಳದ ಹಾಗೆ ಒಣಗಿದ್ದವು. ಮಗಳು ಪ್ರತಿ ಲೋಟಕ್ಕೂ ಒಂದೊಂದು ಹೆಸರಿಟ್ಟಿದ್ದಳು. ಅವಳು ಅತ್ತದ್ದು ನನಗೆ ಈಗಲೂ ನೆನಪಿದೆ. ಈ ವರ್ಷ ಹಾಗೆ ಆಗಬಾರದು.

ಹಡಪ್ಸರ್ ಕಾಕಾ

ತಂಗಿ, ನಾನು ಗದಗ ಕಡೆಯವನು. ನಮ್ಮ ತಂದೆ ಮೆಣಸಿನಕಾಯಿ ಬೆಳೆಯುತ್ತಿದ್ದರು. ಅಗಿ, ಅಂದರೆ ಸಸಿ, ಮಡಿಯಲ್ಲಿ ಬೆಳೆದದ್ದು, ಹೊಲದಲ್ಲಿ ಬದುಕುವುದು, ಇವು ಎರಡೂ ಬೇರೆ ಅಂತ ಅವರು ಹೇಳುತ್ತಿದ್ದರು. ಕೀಳುವುದಕ್ಕೆ ಎರಡು ಮೂರು ದಿನ ಮೊದಲೇ ಮಡಿಗೆ ನೀರು ನಿಲ್ಲಿಸುತ್ತಿದ್ದರು. ಅಗಿ ಸ್ವಲ್ಪ ಬಾಡಿದಂತೆ ಕಾಣುತ್ತಿತ್ತು. ಕೀಳುವ ದಿನ ಮತ್ತೆ ಚೆನ್ನಾಗಿ ನೀರು ಕೊಟ್ಟು, ಬೇರು ಹರಿಯದ ಹಾಗೆ ತೆಗೆದು, ಬಿಸಿಲು ಇಳಿದ ಮೇಲೆ ನಾಟಿ ಮಾಡುತ್ತಿದ್ದರು. ನಿಮ್ಮ ಲೋಟದ ಸಸಿಗೂ ಅದೇ ಲೆಕ್ಕ.

ಹೋದ ವರ್ಷ ನಿಮ್ಮ ಸಸಿ ಚಳಿಗೆ ಸತ್ತದ್ದಲ್ಲ, ಬಿಸಿಲಿಗೆ ಸತ್ತದ್ದು. ಬಿಳಿ ಮಚ್ಚೆ ಅಂದರೆ ಬಿಸಿಲು ಸುಟ್ಟ ಗಾಯ.

ಇನ್ನು ದಿನದ ಮಾತು. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿ ಹೋಗುತ್ತದೆ ಅಂತಾರಲ್ಲ, ಶಿವರಾತ್ರಿ ಮುಗಿಯಲಿ, ಆಮೇಲೆ ಹೊರಗೆ ಇಡಿ.

ಕೋಥರೂಡ್ ಟೆರೇಸ್

ಕಾಕಾ, ಕ್ಷಮಿಸಿ, ಟೊಮೆಟೊಗೆ ಶಿವರಾತ್ರಿ ಕಾಯಬಾರದು ಅನ್ನುವುದು ನನ್ನ ಅನುಭವ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಟೊಮೆಟೊ ಗಿಡಕ್ಕೆ ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಣ್ಣಗಾಗದೆ ಹೋದರೆ ಹೂವು ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಹೂವಿನ ಪುಡಿ ಕೆಟ್ಟು ಹೋಗುತ್ತದೆ, ಹೂವು ತೊಟ್ಟಿನ ಹತ್ತಿರ ಹಳದಿಯಾಗಿ ಉದುರುತ್ತದೆ. ಪುಣೆಯಲ್ಲಿ ಫೆಬ್ರವರಿ ಹಗಲು ಸಾಮಾನ್ಯವಾಗಿ 32ರ ಆಸುಪಾಸು. ಮಾರ್ಚ್ ಮುಗಿಯುವ ಹೊತ್ತಿಗೆ 36, 37. ಏಪ್ರಿಲ್‌ನಲ್ಲಿ 38, ಕೆಲವು ದಿನ 40 ಮುಟ್ಟುತ್ತದೆ. ನಾಟಿ ಮಾಡಿದ ಮೇಲೆ ಹೂವು ಬರುವುದಕ್ಕೆ ಸುಮಾರು ಒಂದು ತಿಂಗಳು ಬೇಕು. ಹಾಗಾದರೆ ಮಾರ್ಚ್ ಮಧ್ಯಕ್ಕೆ ಮೊದಲ ಗೊಂಚಲು ಕಾಯಿ ಕಚ್ಚಬೇಕಾದರೆ ಫೆಬ್ರವರಿ ಎರಡನೇ ವಾರಕ್ಕೆ ಸಸಿ ಕುಂಡದಲ್ಲಿ ಇರಬೇಕು. ಅದಕ್ಕೆ ಬೀಜ ಜನವರಿ ಮೊದಲ ವಾರದಲ್ಲೇ ಬೀಳಬೇಕು. ನೀವು ಸಂಕ್ರಾಂತಿಗೆ ಹಾಕಿದ್ದೀರಿ, ಒಂದು ವಾರ ಹಿಂದೆ ಇದ್ದೀರಿ ಅಷ್ಟೇ. ತಪ್ಪೇನಿಲ್ಲ, ಆದರೆ ಇನ್ನು ಕಾಯಬೇಡಿ.

ಚಳಿ ಯಾವಾಗ ಹೋಗುತ್ತದೆ ಅಂತ ನೋಡುವುದು ಬೇರೆ ದೇಶದವರ ಲೆಕ್ಕ. ನಾವು ಬಿಸಿಲು ಯಾವಾಗ ಬರುತ್ತದೆ ಅಂತ ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಇದೊಂದು ಗೊತ್ತಾಗಲು ನನಗೆ ನಾಲ್ಕು ವರ್ಷ ಹಿಡಿಯಿತು.

ಬದನೆ ಮತ್ತು ಮೆಣಸಿನಕಾಯಿಗೆ ಕಾಕಾ ಹೇಳಿದ್ದು ಸರಿ. ಬದನೆ ಬಿಸಿಲು ತಡೆಯುತ್ತದೆ. ಮೆಣಸಿನಕಾಯಿ ಸಸಿಗೆ 40 ದಿನ ಆಗದೆ ಬಲ ಬರುವುದಿಲ್ಲ, ಸುಮ್ನೆ ಅವಸರ ಮಾಡಬೇಡಿ.

ಹಡಪ್ಸರ್ ಕಾಕಾ

ನೀವು ಹೇಳಿದ್ದು ಒಪ್ಪಿದೆ. ನಾನು ಮೆಣಸಿನಕಾಯಿ ಮನಸ್ಸಿನಲ್ಲಿ ಇಟ್ಟುಕೊಂಡೇ ಹೇಳಿದೆ. ಟೊಮೆಟೊ ಬೇರೆ.

ಬಾಣೇರ್ ಅಮ್ಮ

ನನ್ನ ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇದ್ದಾಳೆ. ಹೋದ ವರ್ಷ ಏಪ್ರಿಲ್, ಮೇ ಎರಡು ತಿಂಗಳು ಅಲ್ಲಿ ಇದ್ದೆ. ಅಲ್ಲಿ ಏಪ್ರಿಲ್‌ನಲ್ಲಿ ಒಳ್ಳೆ ಬಿಸಿಲು ಬಿತ್ತು. ಟೊಮೆಟೊ ಸಸಿ ಹೊರಗೆ ಇಡೋಣ ಅಂದೆ. ಪಕ್ಕದ ಮನೆಯ ಅಜ್ಜಿ ಬೇಡವೇ ಬೇಡ ಅಂದರು. ಮೇ 11ರಿಂದ 15ರವರೆಗೆ ಐದು ಸಂತರ ದಿನಗಳಂತೆ, ಐಸ್‌ಹೈಲಿಗೆ ಅನ್ನುತ್ತಾರೆ. ಕೊನೆಯ ದಿನ ಮೇ 15, ಅದಕ್ಕೆ ಚಳಿಯ ಸೋಫಿ ಅಂತ ಹೆಸರು. ಅಷ್ಟರವರೆಗೆ ಯಾವ ರಾತ್ರಿ ಬೇಕಾದರೂ ಹಿಮ ಬಿದ್ದು ಸಸಿ ಕರಗಿ ಹೋಗಬಹುದು. ಸೋಫಿ ಹೋದ ಮೇಲೇ ಟೊಮೆಟೊ, ಸೌತೆ, ಕುಂಬಳ ಹೊರಗೆ. ಬಟಾಣಿ, ಪಾಲಕ್, ಎಲೆಕೋಸು ಚಳಿ ತಡೆಯುತ್ತವೆ, ಅವನ್ನು ಮುಂಚೆಯೇ ನೆಡುತ್ತಾರೆ. ನಮ್ಮ ಶಿವರಾತ್ರಿ ಚಳಿಯ ಮಾತಿನ ಹಾಗೆಯೇ ಅಲ್ವಾ! ಆ ಅಜ್ಜಿಗೆ ಶಿವರಾತ್ರಿ ವಿಷಯ ಹೇಳಿದಾಗ ಬಹಳ ಖುಷಿ ಪಟ್ಟರು.

ಆದರೆ ಒಂದು ವಿಷಯ ಅಲ್ಲಿಗೂ ಇಲ್ಲಿಗೂ ಒಂದೇ. ಸೋಫಿ ಹೋದ ಮರುದಿನ ಅವರು ಸಸಿಗಳನ್ನು ನೇರವಾಗಿ ಮಣ್ಣಿಗೆ ಹಾಕಲಿಲ್ಲ. ಅದಕ್ಕೆ ಹತ್ತು ದಿನ ಮೊದಲಿಂದ ಬೆಳಿಗ್ಗೆ ಹೊರಗೆ, ಸಂಜೆ ಒಳಗೆ ಮಾಡುತ್ತಿದ್ದರು. ಮೊದಲ ದಿನ ಒಂದು ಗಂಟೆ ಮಾತ್ರ, ಅದೂ ಗೋಡೆಯ ನೆರಳಿನಲ್ಲಿ. ನಾನು ಟ್ರೇ ಹೊತ್ತು ಹೊತ್ತು ಕಲಿತೆ.

ಕೋಥರೂಡ್ ಟೆರೇಸ್

ಬಾಣೇರ್ ಅಮ್ಮ ಹೇಳಿದ್ದೇ ಎಲ್ಲಕ್ಕಿಂತ ಮುಖ್ಯ. ಅದನ್ನು ಬಿಸಿಲಿಗೆ ಪಳಗಿಸುವುದು ಅಂತ ಕರೆಯೋಣ.

ನಡು ಮಧ್ಯಾಹ್ನದ ಬಯಲು ಬಿಸಿಲಿನಲ್ಲಿ ಬೆಳಕು ಸುಮಾರು ಒಂದು ಲಕ್ಷ ಲಕ್ಸ್ (ಬೆಳಕು ಅಳೆಯುವ ಮಾನ) ಇರುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಒಳಗೆ ಹೆಚ್ಚೆಂದರೆ ಕೆಲವು ಸಾವಿರ. ನಮ್ಮ ಕಣ್ಣಿಗೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ, ಎಲೆಗೆ ಕಾಣುತ್ತದೆ. ಒಳಗೆ ಬೆಳೆದ ಎಲೆ ತೆಳು, ಅದರ ಮೇಲಿನ ಮೇಣದ ಪದರವೂ ತೆಳು. ಚರ್ಮ ಸುಡುವ ಕಿರಣಗಳನ್ನು ಕಿಟಕಿಯ ಗಾಜು ಬಹುಪಾಲು ತಡೆದಿರುತ್ತದೆ. ಗಾಳಿಯೂ ತಾಕಿರುವುದಿಲ್ಲ, ಅದಕ್ಕೇ ಕಾಂಡ ದಾರದ ಹಾಗೆ. ಬಯಲಿಗೆ ಬಂದ ಮೇಲೆ ಹೊಸ ಎಲೆಗಳು ದಪ್ಪ ಬರುತ್ತವೆ, ಕಾಂಡ ಗಟ್ಟಿಯಾಗುತ್ತದೆ. ಅದಕ್ಕೆ ಏಳರಿಂದ ಹತ್ತು ದಿನ ಬೇಕು. ಹತ್ತು ದಿನವನ್ನು ಒಂದೇ ದಿನದಲ್ಲಿ ಮುಗಿಸಲು ಹೋದರೆ ನಿಮ್ಮ ಹನ್ನೆರಡು ಸಸಿಗಳ ಹಾಗೆ ಆಗುತ್ತದೆ.

ವಾಕಡ್ ಬಾಲ್ಕನಿ

ಓದಿ ಮನಸ್ಸು ಹಗುರ ಆಯಿತು, ಸ್ವಲ್ಪ ಭಾರವೂ ಆಯಿತು. ಆದರೆ ನನ್ನ ಕಷ್ಟ ಇದು: ಎಲ್ಲರೂ ಬೆಳಗಿನ ಎಳೆ ಬಿಸಿಲು ಕೊಡಿ ಅನ್ನುತ್ತಾರೆ. ನನ್ನ ಬಾಲ್ಕನಿ ಪಡುವಣಕ್ಕೆ. ಬೆಳಿಗ್ಗೆ ಬಿಸಿಲೇ ಇಲ್ಲ. ಮಧ್ಯಾಹ್ನ ಒಂದೂವರೆಗೆ ಒಮ್ಮೆಗೇ ಬೀಳುತ್ತದೆ. ಏನು ಮಾಡಲಿ?

ಹಡಪ್ಸರ್ ಕಾಕಾ

ಸಂಜೆಯಿಂದ ಹಿಂದಕ್ಕೆ ಬನ್ನಿ ತಂಗಿ. ಮೊದಲ ಎರಡು ದಿನ ಐದು ಗಂಟೆ ಮೇಲೆ ಇಡಿ, ಆಗ ಬಿಸಿಲಿಗೆ ಕಾವು ಇರುವುದಿಲ್ಲ. ಮುಂದಿನ ಎರಡು ದಿನ ನಾಲ್ಕು ಗಂಟೆಯಿಂದ. ಹಾಗೇ ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ಮುಂಚೆ. ಬೆಳಿಗ್ಗೆ ಪೂರ್ತಿ ನೆರಳಿನಲ್ಲಿ ಹೊರಗೇ ಇರಲಿ, ಗಾಳಿ ಅಭ್ಯಾಸ ಆಗುತ್ತದೆ. ಮಧ್ಯಾಹ್ನ ಒಂದರಿಂದ ಮೂರರ ಬಿಸಿಲು ಕೊನೆಗೆ ಬರಲಿ, ಅದೂ ನೆರಳಿಗೆ ಕಟ್ಟುವ ಹಸಿರು ನೆಟ್ ಒಳಗೆ.

ಕೋಥರೂಡ್ ಟೆರೇಸ್

ಕಾಕಾ ಬಹಳ ಚೆನ್ನಾಗಿ ಹೇಳಿದರು. ಅಂಗಡಿಯಲ್ಲಿ ನೆಟ್ ಕೇಳುವಾಗ 50 ಪರ್ಸೆಂಟ್ ನೆರಳಿನದು ಅಂತ ಕೇಳಿ. ಕೆಲವರು 75 ಕೊಡುತ್ತಾರೆ, ಅದು ಕಾಯಿ ಬಿಡುವ ಗಿಡಕ್ಕೆ ನೆರಳು ಜಾಸ್ತಿ.

ಬಾಲ್ಕನಿಯ ದಿಕ್ಕಿನ ಬಗ್ಗೆ ಇನ್ನೊಂದು ಮಾತು. ಪುಣೆ ಇರುವುದು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ ನಡು ಮಧ್ಯಾಹ್ನದ ಸೂರ್ಯ ದಕ್ಷಿಣ ದಿಕ್ಕಿನಲ್ಲಿ ಸುಮಾರು 48 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಮಾರ್ಚ್ 21ರ ಹೊತ್ತಿಗೆ 71 ದಾಟುತ್ತಾನೆ. ಮೇ ಮಧ್ಯದಲ್ಲಿ ನೆತ್ತಿಯ ಮೇಲೆ, ಆ ದಿನ ಕಂಬಕ್ಕೆ ನೆರಳೇ ಇರುವುದಿಲ್ಲ. ಹೀಗಾಗಿ ತೆಂಕಣ ಬಾಲ್ಕನಿಯಲ್ಲಿ ಜನವರಿಯಲ್ಲಿ ಒಳಗಿನ ಗೋಡೆವರೆಗೆ ಬಿಸಿಲು ಬರುತ್ತದೆ, ಏಪ್ರಿಲ್‌ಗೆ ಮೇಲಿನ ಮನೆಯ ಸ್ಲಾಬ್ ಎಲ್ಲವನ್ನೂ ಮುಚ್ಚುತ್ತದೆ. ಜನವರಿಯಲ್ಲಿ ಬಿಸಿಲು ನೋಡಿ ಕುಂಡ ಇಟ್ಟವರು ಏಪ್ರಿಲ್‌ನಲ್ಲಿ "ಗಿಡ ಉದ್ದ ಹೋಗುತ್ತಿದೆ, ಕಾಯಿ ಇಲ್ಲ" ಅನ್ನುವುದು ಇದಕ್ಕೇ. ಬಡಗಣ ಬಾಲ್ಕನಿಗೆ ನೇರ ಬಿಸಿಲು ಹೆಚ್ಚಾಗಿ ಮೇ, ಜೂನ್‌ನಲ್ಲಿ. ಪಡುವಣದವರಿಗೆ ವರ್ಷವಿಡೀ ಬಿಸಿಲು ಇದೆ, ಆದರೆ ಕಾದ ಹೊತ್ತಿನ ಬಿಸಿಲು. ಒಂದು ಸೀಮೆಸುಣ್ಣ ತೆಗೆದುಕೊಂಡು ಬಾಲ್ಕನಿಯಲ್ಲಿ ಬಿಸಿಲಿನ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಿರಿ. ಹದಿನೈದು ದಿನಕ್ಕೊಮ್ಮೆ ಮತ್ತೆ ಎಳೆಯಿರಿ. ನಿಮ್ಮ ಮಗಳಿಗೆ ಈ ಕೆಲಸ ಕೊಡಿ, ಇಷ್ಟ ಆಗುತ್ತದೆ.

ಪಾಷಾಣ್ ನಿವಾಸಿ

ಚಳಿಯನ್ನು ಪೂರ್ತಿ ಮರೆಯಬೇಡಿ ದಯವಿಟ್ಟು. ನಮ್ಮ ಪಾಷಾಣ್ ಕಡೆ ಗುಡ್ಡ, ಕೆರೆ, ಬಯಲು ಇವೆ. ಡಿಸೆಂಬರ್, ಜನವರಿಯ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಅದೇ ರಾತ್ರಿ ಮಗರ್‌ಪಟ್ಟಾದಲ್ಲಿ ಹಲವು ಡಿಗ್ರಿ ಜಾಸ್ತಿ ಇರುತ್ತದೆ. ಒಂದೇ ಊರು, ಎರಡು ಹವೆ. ಹವಾಮಾನ ಇಲಾಖೆ ಶಿವಾಜಿನಗರ, ಪಾಷಾಣ್, ಲೋಹೆಗಾಂವ್, ಮಗರ್‌ಪಟ್ಟಾ ಎಲ್ಲದರ ಉಷ್ಣಾಂಶ ಬೇರೆ ಬೇರೆ ಕೊಡುತ್ತದೆ. ಇಲಾಖೆಯ ಒಂದು ದೊಡ್ಡ ಕಚೇರಿ ಇಲ್ಲೇ ಇದೆ, 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂದಿತು. ಶಿವಾಜಿನಗರದ ಆ ಚೌಕಕ್ಕೆ ಈಗಲೂ ಶಿಮ್ಲಾ ಆಫೀಸ್ ಅಂತಲೇ ಹೆಸರು. ನಾನು ಹತ್ತು ವರ್ಷ ಅಲ್ಲಿ ಬಸ್ ಇಳಿದೆ, ಹೆಸರು ಯಾಕೆ ಅಂತ ತಿಳಿದದ್ದು ಆಮೇಲೆ.

ರಾತ್ರಿ 10 ಡಿಗ್ರಿಗಿಂತ ಕೆಳಗೆ ಇದ್ದರೆ ಟೊಮೆಟೊ ಸಸಿ ಸಾಯುವುದಿಲ್ಲ, ಆದರೆ ನಿಂತುಬಿಡುತ್ತದೆ. ಎಲೆಯ ಕೆಳಭಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ನಾನು ಅದನ್ನು ರೋಗ ಅಂದುಕೊಂಡು ಔಷಧಿ ಹೊಡೆದಿದ್ದೆ. ಚಳಿಗೆ ಬೇರು ರಂಜಕ (ಫಾಸ್ಫರಸ್) ಎಳೆದುಕೊಳ್ಳುವುದು ಕಡಿಮೆ ಆಗುತ್ತದೆ ಅಷ್ಟೇ, ರಾತ್ರಿ ಬೆಚ್ಚಗಾದ ಮೇಲೆ ತಾನೇ ಸರಿಹೋಯಿತು. ಆದ್ದರಿಂದ ನಮ್ಮ ಕಡೆಯವರು ಹಗಲು ಹೊರಗೆ, ರಾತ್ರಿ ಒಳಗೆ ಮಾಡಿದರೆ ಒಳ್ಳೆಯದು. ವಾಕಡ್ 9ನೇ ಮಹಡಿಗೆ ಈಗ ಅದರ ಅಗತ್ಯ ಇಲ್ಲ ಅನಿಸುತ್ತದೆ. ಗಾಳಿ ಮಾತ್ರ ನೋಡಿಕೊಳ್ಳಿ.

ಡೊಂಬಿವಲಿ ಗ್ರಿಲ್ ತೋಟ

ಮುಂಬೈ ಕಡೆಯಿಂದ ನನ್ನದೂ ಒಂದು ಮಾತು. ನಮಗೆ ಚಳಿ ಅನ್ನುವುದೇ ಲೆಕ್ಕಕ್ಕಿಲ್ಲ. ನಮ್ಮ ಶತ್ರು ಎರಡು. ಒಂದು, ಒದ್ದೆ ಗಾಳಿ. ಬೀಜ ಮೊಳೆತು ವಾರದೊಳಗೆ ಕಾಂಡ ಬುಡದಲ್ಲಿ ಕಪ್ಪಾಗಿ, ಸೊರಗಿ, ಮಲಗಿಬಿಡುತ್ತದೆ. ಅದು ಬುಡ ಕೊಳೆಯುವ ರೋಗ, ಮಣ್ಣಿನ ಬೂಸಿನಿಂದ ಬರುತ್ತದೆ. ನೀರು ಕಡಿಮೆ ಮಾಡಿ, ಗಾಳಿ ಆಡುವ ಕಡೆ ಇಟ್ಟ ಮೇಲೆ ನಿಂತಿತು. ನಾನು ಈಗ ಮೊಳಕೆಗೆ ತೋಟದ ಮಣ್ಣು ಹಾಕುವುದೇ ಇಲ್ಲ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ಮಾತ್ರ.

ಎರಡನೆಯದು ಮಾರ್ಚ್ ತಿಂಗಳ ಮೂಡಣ ಗಾಳಿ. ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಬಂದು ಸೆಕೆ ತಗ್ಗುತ್ತದೆ. ಕೆಲವು ದಿನ ಒಳನಾಡಿನ ಒಣ ಗಾಳಿ ಜೋರಾಗಿ ಬೀಸಿ ಸಮುದ್ರದ ಗಾಳಿಯನ್ನು ತಡಮಾಡುತ್ತದೆ. ಆ ದಿನ 38, 39 ಡಿಗ್ರಿ. ಪಳಗಿದ ಸಸಿಯೂ ಬಾಡುತ್ತದೆ. ಅಂಥ ದಿನಗಳಲ್ಲಿ ನಾನು ಎಲ್ಲವನ್ನೂ ಎತ್ತಿ ಒಳಗೆ ತರುತ್ತೇನೆ. ಕಿಟಕಿಯ ಗ್ರಿಲ್‌ನಲ್ಲಿ ಇಡುವವರು ಕುಂಡದ ಕೆಳಗೆ ಮರದ ಹಲಗೆ ಹಾಕಿ, ಕಬ್ಬಿಣ ಕಾದು ಬೇರು ಬೇಯುತ್ತದೆ. ಹಲಗೆಯ ಮೇಲೆ ತಟ್ಟೆಯೂ ಇರಲಿ, ಕೆಳಗಿನ ಮನೆಯವರ ಬಟ್ಟೆಯ ಮೇಲೆ ನೀರು ಸುರಿಯಬಾರದು.

ಪೋಂಡಾ ಹಿತ್ತಿಲು

ನಾನು ಅಂಕೋಲಾದವನು, ಕೆಲಸ ಗೋವಾದ ಪೋಂಡಾದಲ್ಲಿ. ನಮ್ಮಲ್ಲಿ ಫೆಬ್ರವರಿ ಅಂದರೆ ಕೊಯ್ಯುವ ಕಾಲ, ನೆಡುವ ಕಾಲ ಅಲ್ಲ. ಭತ್ತ ಕೊಯ್ದ ಮೇಲೆ ನವೆಂಬರ್, ಡಿಸೆಂಬರ್‌ನಲ್ಲಿ ತರಕಾರಿ ಸಸಿ ಗದ್ದೆಗೆ ಇಳಿಯುತ್ತದೆ. ಇದಕ್ಕೆ ಇಲ್ಲಿ ವಾಯಂಗಣ ಅನ್ನುತ್ತಾರೆ. ಆಗಶಿಯ ದೊಡ್ಡ ಬದನೆಕಾಯಿ ಆ ಕಾಲದ್ದೇ. ಎರಡನೇ ಸಲ ಸಸಿ ಹೊರಗೆ ಬರುವುದು ಮಳೆ ಹಿಡಿದ ಮೇಲೆ. ಕಾಣಕೋಣದ ಖೋಲಾ ಮೆಣಸಿನಕಾಯಿಯನ್ನು ಗುಡ್ಡದ ಇಳಿಜಾರಿನಲ್ಲಿ ಮಳೆ ನೀರಿನ ಮೇಲೇ ಬೆಳೆಯುತ್ತಾರೆ. ಇಳಿಜಾರು ಯಾಕೆ ಅಂದರೆ ನೀರು ನಿಲ್ಲಬಾರದು. ಕುಂಡದವರೂ ಜೂನ್‌ನಲ್ಲಿ ಇದನ್ನು ನೆನಪಿಡಿ.

ನಿಗಡಿ ಹೊಸಬ

ಸೌತೆ ಮತ್ತು ಹೀರೆ ಸಸಿ ಮಾಡಿದ್ದೇನೆ, ಟ್ರೇಯಲ್ಲಿ. ಅದಕ್ಕೂ ಇದೇ ನಿಯಮವಾ?

ಹಡಪ್ಸರ್ ಕಾಕಾ

ಅಲ್ಲ ತಮ್ಮಾ. ಬಳ್ಳಿಗಳ ಬೇರು ಮುಟ್ಟಿದರೆ ಮುನಿಯುತ್ತದೆ. ಬೀಜದ ಎಲೆ ಬಿಟ್ಟು ಎರಡು ಎಲೆ ಬಂದ ತಕ್ಷಣ, ಅಂದರೆ ಎರಡು ವಾರದೊಳಗೆ, ಮಣ್ಣಿನ ಮುದ್ದೆ ಒಡೆಯದ ಹಾಗೆ ಕುಂಡಕ್ಕೆ ಹಾಕಿ. ಮುಂದಿನ ಸಲ ಬೀಜವನ್ನೇ ನೇರ ಕುಂಡಕ್ಕೆ ಊರಿ. ಬೆಂಡೆ, ಚವಳಿಕಾಯಿ, ಬೀನ್ಸ್ ಕೂಡ ಹಾಗೇ, ಸಸಿ ಮಾಡುವ ಕಷ್ಟ ಬೇಡ. ಇವಕ್ಕೆ ಬಿಸಿಲು ಬೇಕು, ಮಾರ್ಚ್‌ನಲ್ಲೂ ಹಾಕಬಹುದು.

ವಾಕಡ್ ಬಾಲ್ಕನಿ (ಫೆಬ್ರವರಿ 13)

ಐದನೇ ದಿನ ಇವತ್ತು. ಕಾಕಾ ಹೇಳಿದ ಹಾಗೆ ಸಂಜೆಯಿಂದ ಹಿಂದಕ್ಕೆ ಬರುತ್ತಿದ್ದೇನೆ. ಇವತ್ತು ಮೂರೂವರೆಗೆ ಇಟ್ಟೆ. ಎರಡು ಟೊಮೆಟೊ ಎಲೆಗಳ ತುದಿ ಸ್ವಲ್ಪ ಬಿಳಿಯಾಗಿದೆ, ನಡುವಿನ ಚಿಗುರು ಹಸಿರಾಗಿಯೇ ಇದೆ. ನಿನ್ನೆ ಸಂಜೆ ಗಾಳಿ ಬಂದು ಮೂರು ಲೋಟ ಉರುಳಿದವು. ಈಗ ಹಳೆಯ ಹಾಲಿನ ಕ್ರೇಟಿನಲ್ಲಿ ಒತ್ತೊತ್ತಾಗಿ ಇಟ್ಟಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಟೊಮೆಟೊ ಕಾಂಡ ಉದ್ದ ಹೋಗಿ ಬಾಗಿದೆ ಅಂದಿದ್ದೆನಲ್ಲ, ಅದನ್ನು ಎಸೆದು ನರ್ಸರಿಯಿಂದ ತರಲಾ? ಹಿಂದೆ ಒಂದು ಕಡೆಯಿಂದ ತಂದಿದ್ದೆ. ಹೂವು ಬಿಟ್ಟಿದ್ದ ಸಸಿಯನ್ನೇ ಕೊಟ್ಟರು, ಬೇಗ ಕಾಯಿ ಬರುತ್ತದೆ ಅಂದರು. ಕುಂಡಕ್ಕೆ ಹಾಕಿದ ಮೇಲೆ ಬೆಳೆಯಲೇ ಇಲ್ಲ.

ಕೋಥರೂಡ್ ಟೆರೇಸ್

ಎಸೆಯಬೇಡಿ! ಟೊಮೆಟೊ ಕಾಂಡ ಮಣ್ಣಿಗೆ ತಾಕಿದ ಕಡೆಯೆಲ್ಲ ಬೇರು ಬಿಡುತ್ತದೆ. ಕೆಳಗಿನ ಎಲೆ ಚಿವುಟಿ, ಮೇಲಿನ ನಾಲ್ಕು ಎಲೆ ಮಾತ್ರ ಹೊರಗೆ ಇರುವ ಹಾಗೆ ಆಳಕ್ಕೆ ನೆಡಿ. ಉದ್ದ ಜಾಸ್ತಿ ಇದ್ದರೆ ಕಾಂಡವನ್ನು ಓರೆಯಾಗಿ ಮಲಗಿಸಿ ಮುಚ್ಚಿ. ಬದನೆ, ಮೆಣಸಿನಕಾಯಿಗೆ ಹೀಗೆ ಮಾಡಬೇಡಿ, ಅವು ಲೋಟದಲ್ಲಿ ಇದ್ದಷ್ಟೇ ಆಳ ಸಾಕು.

ಚಿಕ್ಕ ಪಾತ್ರೆಯಲ್ಲಿ ಹೂವು ಬಿಟ್ಟ ಸಸಿ ಅಂದರೆ ವಯಸ್ಸಾದ ಸಸಿ. ಬೇರು ಸುತ್ತಿ ಸುತ್ತಿ ಗಂಟಾಗಿರುತ್ತದೆ. ಉರುಳಿ ಕಾಂಚನ್ ಕಡೆ ಸಾಲು ಸಾಲು ನರ್ಸರಿ ಇವೆ, ಹೋದರೆ ಟ್ರೇ ಸಸಿಯನ್ನು ಮೆಲ್ಲಗೆ ಎತ್ತಿ ಬೇರು ನೋಡಿ. ಬೇರು ಬಿಳಿ ಇರಬೇಕು, ಗಿಡ ಗಿಡ್ಡ ಇರಬೇಕು, ಕಾಂಡ ದಪ್ಪ ಇರಬೇಕು. ಹಸಿರು ನೆಟ್ ಒಳಗೆ ಇದ್ದ ಸಸಿಯಾದರೆ ಮನೆಗೆ ತಂದ ಮೇಲೂ ನಾಲ್ಕೈದು ದಿನ ಪಳಗಿಸಲೇಬೇಕು.

ಕುಂಡ ಯಾವುದು ಹಾಕುತ್ತೀರಿ? ಕಪ್ಪು ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಪಡುವಣ ಬಿಸಿಲಿಗೆ ಕಾದು ಬೇರನ್ನು ಸುಡುತ್ತದೆ. ಸುತ್ತ ಗೋಣಿ ತಾಟು ಕಟ್ಟಿ, ಕೆಳಗೆ ಎರಡು ಇಟ್ಟಿಗೆ ಇಡಿ. ಮೇಲೆ ಒಣ ಎಲೆಯನ್ನು ಎರಡು ಬೆರಳು ದಪ್ಪ ಹಾಸಿ.

ಬಾಣೇರ್ ಅಮ್ಮ

ಬಿಳಿ ನೊಣದ ಬಗ್ಗೆ ಯಾರೂ ಹೇಳಲಿಲ್ಲ. ಬಿಸಿಲು ಏರಿದ ಹಾಗೆ ಅದೂ ಏರುತ್ತದೆ. ಅದು ಕಚ್ಚಿದರೆ ಟೊಮೆಟೊಗೆ ಎಲೆ ಮುದುಡುವ ನಂಜು ರೋಗ ಬರುತ್ತದೆ, ಬಂದ ಮೇಲೆ ಔಷಧಿ ಇಲ್ಲ. ಸಸಿ ಇದ್ದಾಗಲೇ ತಗುಲಿದರೆ ಕಾಯಿಯ ಆಸೆ ಬಿಡಬೇಕು. ಸೊಳ್ಳೆ ಪರದೆಯ ತೂತಿನಲ್ಲಿ ಅದು ನುಸುಳುತ್ತದೆ. ನಾನು ಹಳೆಯ ಮಲ್ ಸೀರೆ, ಅಂದರೆ ತೆಳು ಹತ್ತಿಯ ಸೀರೆ, ಹಾಕುತ್ತೇನೆ, ಮೊದಲ ಮೂರು ವಾರ. ನೆರಳೂ ಆಗುತ್ತದೆ, ನೊಣವೂ ಬರುವುದಿಲ್ಲ. ಹೂವು ಬಂದ ಮೇಲೆ ತೆಗೆಯಿರಿ. ಬೇವಿನ ಎಣ್ಣೆ ಹೊಡೆಯುವುದಾದರೆ ಲೀಟರ್ ನೀರಿಗೆ 3 ಮಿಲಿ, ಎರಡು ಹನಿ ಸೋಪು. ಸಂಜೆ ಮಾತ್ರ ಹೊಡೆಯಿರಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ.

ವಾಕಡ್ ಬಾಲ್ಕನಿ (ಮಾರ್ಚ್ 17)

ತಡವಾಗಿ ಬರೆಯುತ್ತಿದ್ದೇನೆ, ಮಗಳ ಪರೀಕ್ಷೆ ಇತ್ತು. ಟೊಮೆಟೊಗಳನ್ನು ಫೆಬ್ರವರಿ 18ರ ಸಂಜೆ ದೊಡ್ಡ ಕುಂಡಗಳಿಗೆ ಹಾಕಿದೆ, ಕಾಂಡ ಮಲಗಿಸಿ. ಐದರಲ್ಲಿ ಐದೂ ಬದುಕಿವೆ. ಒಂದರಲ್ಲಿ ಎಲೆ ಮುದುಡಿದೆ, ಅದನ್ನು ದೂರ ಇಟ್ಟಿದ್ದೇನೆ, ಬಹುಶಃ ಕೀಳಬೇಕಾಗುತ್ತದೆ. ಮಲ್ ಸೀರೆ ಎರಡು ದಿನ ಗಾಳಿಗೆ ಹಾರಿತ್ತು, ಆಗ ನೊಣ ಬಂದಿರಬೇಕು. ಉಳಿದ ನಾಲ್ಕರಲ್ಲಿ ಹೂವು ಬಂದಿದೆ. ನಿನ್ನೆ ಎರಡು ಕಡೆ ಕಡಲೆ ಗಾತ್ರದ ಕಾಯಿ ಕಂಡಿತು. ಮಗಳು ಅದನ್ನು ನೋಡಲು ಬೆಳಿಗ್ಗೆ ಆರಕ್ಕೇ ಎದ್ದಳು.

ಬದನೆ, ಮೆಣಸಿನಕಾಯಿಯನ್ನು ಫೆಬ್ರವರಿ ಕೊನೆಯವರೆಗೆ ತಡೆದು ಆಮೇಲೆ ನೆಟ್ಟೆ. ಎರಡಕ್ಕೂ ಏನೂ ಆಗಿಲ್ಲ. ಸೀಮೆಸುಣ್ಣದ ಗೆರೆ ಮೂರು ಸಲ ಎಳೆದಾಯಿತು. ಮಧ್ಯಾಹ್ನದ ಬಿಸಿಲು ಸಂಕ್ರಾಂತಿಯಲ್ಲಿ ಇದ್ದ ಕಡೆ ಈಗ ಇಲ್ಲ, ಬಲಕ್ಕೆ ಸರಿದಿದೆ. ಅದಕ್ಕೆ ಕುಂಡಗಳನ್ನೂ ಸರಿಸಿದೆವು.

ಎರಡು ಬದನೆ ಸಸಿ, ಮೂರು ಮೆಣಸಿನಕಾಯಿ ಸಸಿ ಉಳಿದಿವೆ. ಎಲ್ಲವೂ ಬಿಸಿಲಿಗೆ ಪಳಗಿವೆ. ವಾಕಡ್, ಹಿಂಜವಡಿ ಕಡೆ ಯಾರಿಗಾದರೂ ಬೇಕಾ?

ನಿಗಡಿ ಹೊಸಬ

ನನಗೆ ಬದನೆ ಬೇಕು ಅಕ್ಕ. ಶನಿವಾರ ಸಂಜೆ ಬರಲಾ? ಬಿಸಿಲು ಇಳಿದ ಮೇಲೆ ಬರುತ್ತೇನೆ, ಮನೆಗೆ ತಲುಪಿದ ತಕ್ಷಣ ನೆಡುತ್ತೇನೆ.